ಬರಾಂಜ್‌ನ ಮನೆಗಳು ಖಾಲಿಯಾಗುವ ಮೊದಲು

ಕರ್ನಾಟಕ ವಿದ್ಯುತ್ ನಿಗಮದ ಅಧ್ಯಕ್ಷರಿಗೂ ವ್ಯವಸ್ಥಾಪಕ ನಿರ್ದೇಶಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಆದರೆ ಕರ್ನಾಟಕಕ್ಕೆ ಒಂದು ಕಲ್ಲಿದ್ದಲು ಗಣಿ ಇದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿರುವ ಬರಾಂಜ್ ತೆರೆದ ಗಣಿ ನಿಮ್ಮ ನಿಗಮದ್ದು. (ಭದ್ರಾವತಿ ಎಂದ ಕೂಡಲೇ ಶಿವಮೊಗ್ಗ ಜಿಲ್ಲೆಯದೆಂದು ತಿಳಿಯುವವರೇ ಹೆಚ್ಚು.) 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿದಾಗ ಅದು ಕೈತಪ್ಪಿತು, ಆಮೇಲೆ ಮತ್ತೆ ನಿಗಮದ ಪಾಲಿಗೇ ಬಂತು. ಗಣಿ ಮುಂದೆ ಸರಿದಂತೆಲ್ಲ ಬರಾಂಜ್ ಮೊಕಾಸಾದಂಥ ಹಳ್ಳಿಗಳು ಜಾಗ ಬಿಡಬೇಕಾಗುತ್ತದೆ. ಪರಿಹಾರ, ಪುನರ್ವಸತಿಯ ವಾದ ಅದರ ಪಾಡಿಗೆ ನಡೆಯಲಿ, ಅದರಲ್ಲಿ ನ್ಯಾಯ ಸಿಗಲಿ. ಈ ಪತ್ರ ಬೇರೊಂದು ಕೆಲಸದ ಬಗ್ಗೆ. ಊರು ಹೋದ ಮೇಲೆ ಅದನ್ನು ಮಾಡಲು ಬರುವುದಿಲ್ಲ.

ಗಣಿಯ ಸುತ್ತಲಿನ ಊರುಗಳು, ಗಣಿಯಲ್ಲಿ ದುಡಿಯುವವರು, ಅವರ ಮನೆ, ನೀರು, ಸಂತೆ, ಶಾಲೆ, ಹೊಲ – ಇವೆಲ್ಲವನ್ನೂ ಒಳಗೊಂಡ ಮೂರು ವರ್ಷಗಳ ಛಾಯಾಚಿತ್ರ ಸಮೀಕ್ಷೆಯೊಂದನ್ನು ನಿಗಮ ತನ್ನ ಖರ್ಚಿನಲ್ಲಿ ಮಾಡಿಸಬೇಕು. ಅದಕ್ಕೆ ಬೇಕಾದವರು ಇಬ್ಬರು ಛಾಯಾಗ್ರಾಹಕರು, ಮರಾಠಿ ಚೆನ್ನಾಗಿ ಬಲ್ಲ ಒಬ್ಬ ಟಿಪ್ಪಣಿಕಾರರು, ಅರ್ಧ ಹೊತ್ತು ದುಡಿಯುವ ಒಬ್ಬ ದಾಖಲೆಪಾಲಕರು. ಯಂತ್ರವೊಂದರ ಟೈರು ಬದಲಿಸುವ ಲೆಕ್ಕದಲ್ಲಿ ನೋಡಿದರೆ ಇದು ದೊಡ್ಡ ಬಾಬತ್ತಲ್ಲ.

‘ಚಿತ್ರಗಳು ನಮ್ಮಲ್ಲಿ ಈಗಾಗಲೇ ಇವೆಯಲ್ಲ’ ಎಂಬ ಉತ್ತರ ಬರುವುದು ಸಹಜ. ಇರುತ್ತವೆ, ಮೂರು ಬಗೆಯವು. ಒಂದು, ಹೆಲ್ಮೆಟ್ ಹಾಕಿಕೊಂಡ ಗಣ್ಯರು ರಿಬ್ಬನ್ ಕತ್ತರಿಸುವ, ಹೊಲಿಗೆ ಯಂತ್ರ ಹಂಚುವ ಚಿತ್ರ. ಇನ್ನೊಂದು, ಎಷ್ಟು ಮಣ್ಣು ತೆಗೆದಾಯಿತು ಎಂದು ಲೆಕ್ಕ ಹಾಕಲು ಡ್ರೋನ್ ತೆಗೆದ ಚಿತ್ರ. ಮೂರನೆಯದು, ಭೂಸ್ವಾಧೀನದ ಸರ್ವೆಯಲ್ಲಿ ಮನೆಯ ಗೋಡೆಗೆ ನಂಬರು ಬರೆದು ತೆಗೆದದ್ದು. ಈ ಮೂರರಲ್ಲಿ ನೂರು ವರ್ಷದ ನಂತರ ಬೆಲೆ ಬಾಳುವುದು ಮೂರನೆಯದೇ. ಅದರಲ್ಲಿ ಕನಿಷ್ಠ ಒಂದು ನಂಬರಿದೆ, ಒಂದು ಬಾಗಿಲಿದೆ. ಆದರೆ ಬಾಗಿಲಲ್ಲಿ ನಿಂತವರು ಯಾರೆಂದು ಅದು ಹೇಳುವುದಿಲ್ಲ.

ಸರ್ಕಾರವೇ ಇಂಥದ್ದೊಂದು ಕೆಲಸ ಮಾಡಿಸಿದ್ದಕ್ಕೆ ಹಳೆಯದೊಂದು ಮೇಲ್ಪಂಕ್ತಿ ಇದೆ. 1946ರ ವಸಂತದಲ್ಲಿ ಅಮೆರಿಕದ ಕಲ್ಲಿದ್ದಲು ಕಾರ್ಮಿಕರು ಮುಷ್ಕರ ಹೂಡಿದರು. ಅಧ್ಯಕ್ಷ ಟ್ರೂಮನ್ ಗಣಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಮೇ 29ರಂದು ಒಳಾಡಳಿತ ಕಾರ್ಯದರ್ಶಿ ಜೂಲಿಯಸ್ ಕ್ರುಗ್ ಮತ್ತು ಕಾರ್ಮಿಕ ನಾಯಕ ಜಾನ್ ಎಲ್. ಲೂಯಿಸ್ ಒಂದು ಒಪ್ಪಂದಕ್ಕೆ ಬಂದರು. ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ 5 ಸೆಂಟ್ ಕಾರ್ಮಿಕರ ಕ್ಷೇಮನಿಧಿಗೆ ಹೋಗಬೇಕು ಎಂಬುದು ಅದರ ಒಂದು ಷರತ್ತು. ಗಣಿ ಊರುಗಳ ಆರೋಗ್ಯ, ವಸತಿ, ನೀರು, ನೈರ್ಮಲ್ಯದ ಸಮೀಕ್ಷೆ ಆಗಬೇಕು ಎಂಬುದು ಇನ್ನೊಂದು. ಸಮೀಕ್ಷೆಯ ಹೊಣೆ ಹೊತ್ತವರು ನೌಕಾಪಡೆಯ ವೈದ್ಯಾಧಿಕಾರಿ ರಿಯರ್ ಅಡ್ಮಿರಲ್ ಜೋಯೆಲ್ ಬೂನ್. ಅದಕ್ಕೆ ಚಿತ್ರ ತೆಗೆಯಲು ಕರೆಸಿಕೊಂಡದ್ದು ಛಾಯಾಗ್ರಾಹಕ ರಸೆಲ್ ಲೀ ಅವರನ್ನು. ವರದಿ 1947ರಲ್ಲಿ ಹೊರಬಂತು.

ಲೀ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 1936ರಿಂದ 1942ರವರೆಗೆ ಅಮೆರಿಕ ಸರ್ಕಾರದ ಕೃಷಿ ಭದ್ರತಾ ಆಡಳಿತದಲ್ಲಿ, ಅದರ ಛಾಯಾಚಿತ್ರ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಕೈಕೆಳಗೆ ದುಡಿದು, ಅಮೆರಿಕದ ಬಡ ಊರುಗಳನ್ನು ಮನೆಮನೆಯಾಗಿ ಚಿತ್ರಿಸಿ ಪಳಗಿದವರು. ಬರಾಂಜ್‌ಗೆ ಬರಬೇಕಾದ ಛಾಯಾಗ್ರಾಹಕರ ಆಯ್ಕೆಯಲ್ಲಿ ನಾವು ನೋಡಬೇಕಾದದ್ದೂ ಇಂಥ ಪಳಗುವಿಕೆಯನ್ನೇ. ಲೀ ಫ್ಲಾಶ್ ಬಲ್ಬನ್ನು ಧಾರಾಳವಾಗಿ ಬಳಸುತ್ತಿದ್ದರು. ಕಲಾವಿಮರ್ಶಕರಿಗೆ ಅದು ರುಚಿಸಲಿಲ್ಲ: ಬೆಳಕು ಚಪ್ಪಟೆ, ನೆರಳಿನ ಸೊಗಸಿಲ್ಲ ಎಂದರು. ಆದರೆ ಆ ಬೆಳಕಿನಲ್ಲಿ ಒಂದು ಅಡುಗೆಮನೆಯ ಮೂಲೆ ಮೂಲೆಯೂ ಕಾಣುತ್ತದೆ: ಗೋಡೆಗೆ ಅಂಟಿಸಿದ ಪೇಪರು, ಕಪಾಟಿನ ಡಬ್ಬಿಗಳು, ಒಲೆಯ ಮೇಲಿನ ಪಾತ್ರೆ, ತೇಪೆ ಹಾಕಿದ ಪರದೆ. ಊರೊಂದು ಹೋದ ಮೇಲೆ ಉಳಿಯಬೇಕಾದದ್ದು ಇದೇ. ನೆರಳಿನ ಸೊಗಸು ಎಲ್ಲಿ ಬೇಕಾದರೂ ಸಿಗುತ್ತದೆ.

ಇನ್ನೊಂದು ವಿಷಯ. ಲೀ ಗಣಿಗೆ ಮಾತ್ರ ಅಂಟಿಕೊಳ್ಳಲಿಲ್ಲ. ಕಂಪನಿ ಅಂಗಡಿ, ನೀರು ಹೊರುವ ಹೆಂಗಸರು, ಬಚ್ಚಲಿನ ಕೊಳಚೆ ಹರಿವ ಹಳ್ಳ, ಸಂಘದ ಸಭೆ, ಕೆಂಟಕಿಯ ಲೆಜೂನಿಯರ್‌ನಲ್ಲಿ ವಿಷದ ಹಾವು ಹಿಡಿದು ಪ್ರಾರ್ಥಿಸುವ ಭಕ್ತರು – ಎಲ್ಲವೂ ಅಲ್ಲಿವೆ. ಚೊಕ್ಕಟವಾಗಿ ಊರು ಕಟ್ಟಿದ ಗಣಿ ಕಂಪನಿಗಳ ಮನೆಗಳೂ ಇವೆ, ಸೋರುವ ಗುಡಿಸಲುಗಳೂ ಇವೆ. ಒಳ್ಳೆಯದನ್ನು ಬಿಟ್ಟಿದ್ದರೆ ಕೆಟ್ಟದ್ದನ್ನು ಯಾರೂ ನಂಬುತ್ತಿರಲಿಲ್ಲ. ಅಡಿಬರಹಗಳಲ್ಲಿ ಕಾರ್ಮಿಕರ ಹೆಸರು, ಅವರ ಕೆಲಸ, ಕಂಪನಿ, ಗಣಿ, ಊರು, ಕೌಂಟಿ, ರಾಜ್ಯ ಇಷ್ಟೂ ಬರೆದಿರುತ್ತದೆ. ಇಂಥ ಟಿಪ್ಪಣಿಯಲ್ಲಿ ಅವರ ಹೆಂಡತಿ ಜೀನ್ ಲೀ ಅವರ ಪಾಲು ದೊಡ್ಡದು. ಆ ನೆಗೆಟಿವ್‌ಗಳು ಅಮೆರಿಕದ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಸರ್ಕಾರಿ ಕೆಲಸವಾದ್ದರಿಂದ ಕೃತಿಸ್ವಾಮ್ಯದ ತಂಟೆಯಿಲ್ಲ. ಆ ಕಾರ್ಮಿಕರ ಮರಿಮಕ್ಕಳೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. 2024ರಲ್ಲಿ ವಾಷಿಂಗ್ಟನ್ನಿನಲ್ಲಿ ಅವುಗಳಲ್ಲಿ 200ಕ್ಕೂ ಹೆಚ್ಚಿನವು ಪ್ರದರ್ಶನಕ್ಕೆ ಬಂದವು.

ಲೀಗೂ ಮೊದಲು ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕರಿದ್ದರು. 1911ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಸೌತ್ ಪಿಟ್ಸ್‌ಟನ್‌ನಲ್ಲಿ, ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಹುಡುಗರನ್ನು ಚಿತ್ರಿಸಿದವರು. ಮಗು ಎಷ್ಟು ಎತ್ತರ ಎಂದು ತಿಳಿಯಲು ತಮ್ಮ ಕೋಟಿನ ಗುಂಡಿಗಳನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಬಾಲಕಾರ್ಮಿಕ ಸಮಿತಿಗಾಗಿ ತೆಗೆದ ಅವರ ಚಿತ್ರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಅಡಿಬರಹದ ಸಮೇತ ಅಮೆರಿಕದ ಸಂಸತ್ ಗ್ರಂಥಾಲಯದಲ್ಲಿ ಉಳಿದಿವೆ. ಹೈನ್ ಮಾತ್ರ ಮನೆ ಕಳೆದುಕೊಂಡು 1940ರಲ್ಲಿ ಬಡತನದಲ್ಲೇ ತೀರಿಹೋದರು. ಸಂಸ್ಥೆ ಹೊಣೆ ಹೊತ್ತ ಕಡೆ ಚಿತ್ರ ಉಳಿಯಿತು, ಚಿತ್ರ ತೆಗೆದವರ ಹೊಣೆಯನ್ನು ಯಾರೂ ಹೊರಲಿಲ್ಲ. ಗಣಿ ಊರುಗಳನ್ನು ಚಿತ್ರಿಸುವವರ ವೃತ್ತಿ ಇವತ್ತಿಗೂ ಇದೇ ಪಾಡಿನದು: ಮದುವೆ, ಜಾಹೀರಾತಿನ ದುಡ್ಡಿನಲ್ಲಿ ವರ್ಷಕ್ಕೆರಡು ಬಾರಿ ಗಣಿಗೆ ಹೋಗಿಬರುವುದು. ಹಾಗಾಗಿಯೇ ನಾವು ಸಂಬಳದ ಮಾತು ಎತ್ತುತ್ತಿರುವುದು. ದಿನಗೂಲಿಯ ಲೆಕ್ಕ ಬೇಡ. ಮೂರು ವರ್ಷಕ್ಕೆ ತಿಂಗಳ ಸಂಬಳ, ಊರಲ್ಲೇ ಬಾಡಿಗೆ ಮನೆ, ವಿಮೆ ಬೇಕು.

ಮೂರು ವರ್ಷ ಯಾಕೆ? ಇಂಗ್ಲೆಂಡಿನ ಲೈನ್‌ಮೌತ್ ಕಡಲತೀರದಲ್ಲಿ ಅಲೆ ತಂದೊಗೆದ ಕಲ್ಲಿದ್ದಲನ್ನು ಗೋರಿ ಬದುಕುತ್ತಿದ್ದ ಜನರನ್ನು ಛಾಯಾಗ್ರಾಹಕ ಕ್ರಿಸ್ ಕಿಲಿಪ್ 1976ರಲ್ಲಿ ಮೊದಲು ಕಂಡರು. ಆ ಜನ ಅವರನ್ನು ಓಡಿಸಿದರು. ನಂಬಿಕೆ ಹುಟ್ಟಿ ಕ್ಯಾಮೆರಾ ಎತ್ತಲು 1982 ಆಗಬೇಕಾಯಿತು; ಆಮೇಲೆ ಅಲ್ಲೇ ಒಂದು ಕ್ಯಾರವಾನಿನಲ್ಲಿ ಬಿಡಾರ ಹೂಡಿದರು. ಅಮೆರಿಕದ ಬಫಲೋ ನಗರದ ಕನ್ನಡಕದ ವೈದ್ಯ ಮಿಲ್ಟನ್ ರೊಗೊವಿನ್ ಅಲ್ಲಿನ ಅಪಲೇಶಿಯಾ ಗುಡ್ಡಸೀಮೆಯ ಗಣಿ ಕಾರ್ಮಿಕರನ್ನು 1962ರಲ್ಲಿ ಚಿತ್ರಿಸತೊಡಗಿ, 1980ರ ದಶಕದಲ್ಲಿ ಸ್ಕಾಟ್ಲೆಂಡ್, ಚೀನಾ, ಜಿಂಬಾಬ್ವೆ, ಮೆಕ್ಸಿಕೊ ಮುಂತಾದ ದೇಶಗಳಿಗೂ ಹೋದರು. ಅವರದು ಸರಳ ಕ್ರಮ: ಒಬ್ಬರದೇ ಎರಡು ಚಿತ್ರ, ಒಂದು ಕೆಲಸದ ಬಟ್ಟೆಯಲ್ಲಿ ಮಸಿ ಮೆತ್ತಿದ ಮುಖ, ಇನ್ನೊಂದು ಮನೆಯಲ್ಲಿ ಮಿಂದು ಮಡಿಯಾಗಿ ಕೂತದ್ದು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಎಂಬುದು ಅವರವರ ಇಷ್ಟ. ಎರಡನ್ನೂ ಪಕ್ಕಪಕ್ಕ ಇಟ್ಟರೆ ‘ಕಲ್ಲಿದ್ದಲು ಕಾರ್ಮಿಕ’ ಎಂಬ ಜಾತಿವಾಚಕ ಕಳಚಿ ಒಬ್ಬ ಮನುಷ್ಯ ಕಾಣುತ್ತಾನೆ. ಬರಾಂಜ್ ಸಮೀಕ್ಷೆ ಈ ಜೋಡಿಚಿತ್ರದ ಕ್ರಮವನ್ನೇ ಬೆನ್ನೆಲುಬಾಗಿ ಇಟ್ಟುಕೊಳ್ಳಲಿ.

ಇದಕ್ಕೆ ವ್ಯತಿರಿಕ್ತವಾದದ್ದು ಝರಿಯಾದಲ್ಲಿ ಆಗಿದೆ. ಜಾರ್ಖಂಡಿನ ಆ ಕಲ್ಲಿದ್ದಲು ಸೀಮೆಯಲ್ಲಿ ನೆಲದೊಳಗಿನ ಬೆಂಕಿ ಮೊದಲು ವರದಿಯಾದದ್ದು 1916ರಲ್ಲಿ. ಜನರನ್ನು ಸ್ಥಳಾಂತರಿಸುವ ಯೋಜನೆಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಪರಿಷ್ಕೃತ ಯೋಜನೆಗೆ 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ 5,940.47 ಕೋಟಿ ರೂಪಾಯಿ ಕೊಟ್ಟಿತು. ದೇಶದಲ್ಲಿ ಅತಿ ಹೆಚ್ಚು ಕ್ಯಾಮೆರಾ ಕಂಡ ಗಣಿ ಊರು ಅದೇ ಇರಬೇಕು. ಬಂದವರು ಹೆಚ್ಚಿನವರು ಚಳಿಗಾಲದಲ್ಲಿ ಮೂರು ದಿನಕ್ಕೆಂದು ಬಂದವರು. ಹೊಗೆ, ಬೆಂಕಿ, ತಲೆಯ ಮೇಲೆ ಬುಟ್ಟಿ ಹೊತ್ತ ಹುಡುಗಿಯ ಕಪ್ಪು ಆಕೃತಿ: ಅದೇ ಚಿತ್ರ, ಬೇರೆ ಬೇರೆ ಸಹಿ. ಸ್ಪರ್ಧೆಗಳಲ್ಲಿ ಅದಕ್ಕೆ ಬಹುಮಾನವೂ ಬರುತ್ತದೆ. ಆ ಹುಡುಗಿಯ ಹೆಸರು, ಅವಳ ಧೌಡಾದ (ಗಣಿ ಕಾರ್ಮಿಕರ ಕೇರಿಯ) ಸಾಲುಮನೆ, ಆ ಬುಟ್ಟಿಯ ತೂಕ, ಬುಟ್ಟಿಗೆ ಸಿಗುವ ದುಡ್ಡು ಯಾವ ಅಡಿಬರಹದಲ್ಲೂ ಸಾಮಾನ್ಯವಾಗಿ ಸಿಗದು. ನಾಳೆ ಆ ಬಸ್ತಿಯನ್ನು ನೆನಪಿನಿಂದ ಕಟ್ಟಿಕೊಡಬೇಕೆಂದರೆ ಇಷ್ಟು ಸಾವಿರ ಚಿತ್ರ ಇದ್ದೂ ಆಗುವುದಿಲ್ಲ. ನಮ್ಮದೇ ಕೆಜಿಎಫ್ ಬೇರೆಯಲ್ಲ: 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಶಾಫ್ಟು, ಯಂತ್ರಗಳ ಚಿತ್ರ ಸುಲಭಕ್ಕೆ ಸಿಗುತ್ತವೆ. ಲೈನ್ ಮನೆಗಳ ಒಳಗಿನ ಬದುಕು ಅವರವರ ಟ್ರಂಕಿನಲ್ಲೇ ಇದೆ.

ಇನ್ನು ಕೆಲಸದ ವಿವರ. ಒಪ್ಪಂದ ಬರೆಯುವ ನಿಮ್ಮ ಅಧಿಕಾರಿಗಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ತೆರೆದ ಗಣಿಯಲ್ಲಿ ಮೊದಲ ಶತ್ರು ಕಪ್ಪು. ಕ್ಯಾಮೆರಾದ ಮೀಟರು ಎದುರಿಗಿರುವುದು ಸರಾಸರಿ ಬೂದು ಬಣ್ಣ, ಅಂದರೆ ಶೇ. 18ರಷ್ಟು ಬೆಳಕು ಹಿಂದಿರುಗಿಸುವ ವಸ್ತು ಎಂದು ನಂಬಿ ಲೆಕ್ಕ ಹಾಕುತ್ತದೆ. ಕಲ್ಲಿದ್ದಲು ಹಿಂದಿರುಗಿಸುವ ಬೆಳಕು ಅದರ ಕಾಲು ಭಾಗದ ಆಸುಪಾಸು. ಹಾಗಾಗಿ ಕಲ್ಲಿದ್ದಲ ಗೋಡೆಯ ಎದುರು ನಿಂತು ಮೀಟರನ್ನು ನಂಬಿದರೆ ಚಿತ್ರ ಎರಡು ಸ್ಟಾಪ್‌ನವರೆಗೂ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಬೆಳ್ಳಗಾಗುತ್ತದೆ: ಕಲ್ಲಿದ್ದಲು ಬೂದು ಬಣ್ಣಕ್ಕೆ ತಿರುಗಿ, ಮುಖದ ಬೆವರಿನ ಹೊಳಪು, ಅಂಗಿಯ ಬಿಳುಪು ಸುಟ್ಟುಹೋಗುತ್ತವೆ. ಒಂದರಿಂದ ಒಂದೂವರೆ ಸ್ಟಾಪ್ ಇಳಿಸಿ, ಇಲ್ಲವೇ ಕಾರ್ಮಿಕರ ಮುಖದ ಹತ್ತಿರ ಗ್ರೇ ಕಾರ್ಡ್ (ಆ ಶೇ. 18ರ ಬೂದು ಬಣ್ಣದ ರಟ್ಟು) ಹಿಡಿದು ಅಳೆಯಬೇಕು. ಹಿಂದೆ ಬಿಳಿ ಆಕಾಶ ಬಂದರೆ ಎಲ್ಲ ತಲೆಕೆಳಗು: ಮೀಟರು ಮುಖವನ್ನೇ ಕಪ್ಪು ಮಾಡುತ್ತದೆ. ಝರಿಯಾದ ಕಪ್ಪು ಆಕೃತಿಗಳಲ್ಲಿ ಅರ್ಧ ಕಲೆ, ಅರ್ಧ ಈ ತಪ್ಪು ಎಂದರೆ ಯಾರಾದರೂ ಬೇಸರಿಸಿಕೊಂಡಾರು.

ಚಂದ್ರಪುರದ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ದೂರದ ಲೆನ್ಸು ಕೆಲಸಕ್ಕೆ ಬಾರದು. ನೆಲದಿಂದೇಳುವ ಬಿಸಿಗಾಳಿಯಲ್ಲಿ ಎಲ್ಲವೂ ಅಲುಗುತ್ತದೆ, ಫೋಕಸ್ ಹುಡುಕುತ್ತಲೇ ಇರುತ್ತದೆ. 35 ಎಂಎಂ ಲೆನ್ಸು ಹಾಕಿ ಹತ್ತಿರ ಹೋಗುವುದೇ ದಾರಿ. ಹತ್ತಿರ ಹೋಗಲು ಪರಿಚಯ ಬೇಕು, ಮತ್ತೆ ಕಾಲದ ಮಾತಿಗೇ ಬರುತ್ತೇವೆ. ಕಲ್ಲಿದ್ದಲ ಧೂಳು ಜಿಡ್ಡಿನಂತೆ ಅಂಟುತ್ತದೆ, ಗಾಜನ್ನು ಗೀರುತ್ತದೆ. ಗಣಿಯಲ್ಲಿ ನಿಂತು ಲೆನ್ಸು ಬದಲಿಸುವುದೆಂದರೆ ಸೆನ್ಸರಿನ ಮೇಲೆ ಮಸಿ ಬಳಿದಂತೆ. ಎರಡು ಕ್ಯಾಮೆರಾ ಇರಲಿ, ಒಂದಕ್ಕೆ 35, ಇನ್ನೊಂದಕ್ಕೆ 85, ಸಂದುಗಳಿಗೆ ಟೇಪು. ಲೆನ್ಸನ್ನು ಮೊದಲು ಕೈಪಂಪಿನಿಂದ ಊದಿ ಆಮೇಲಷ್ಟೇ ಬಟ್ಟೆ ಮುಟ್ಟಿಸಬೇಕು. ವರ್ಕ್‌ಶಾಪಿನ ಕಂಪ್ರೆಸರ್ ಗಾಳಿ ಹೊಡೆಸುವ ಆಸೆ ಬೇಡ, ಅದರಲ್ಲಿ ಎಣ್ಣೆ ಹನಿ ಇರುತ್ತದೆ. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ, ಶೇ. 40–45 ತೇವಾಂಶದ ಡ್ರೈ ಬಾಕ್ಸ್ ಒಂದು ಬಾಡಿಗೆ ಮನೆಯಲ್ಲಿರಲೇಬೇಕು.

ಗಣಿಯೊಳಗಿನ ನಿಯಮ ನಿಮಗೆ ನಾವು ಹೇಳಬೇಕಾದ್ದಲ್ಲ. ಆದರೂ ಛಾಯಾಗ್ರಾಹಕರು ಎಡವುವ ಜಾಗ ಎರಡು. ಡಂಪರ್ ಚಾಲಕರಿಗೆ ಗಾಡಿಯ ಬುಡದಲ್ಲಿ ನಿಂತವರು ಕಾಣುವುದೇ ಇಲ್ಲ. ಎತ್ತರದ ಬಾವುಟ ಕಟ್ಟಿದ ಬೆಂಗಾವಲು ಜೀಪಿನಿಂದ ಇಳಿದು ಹಾಲ್ ರೋಡಿಗೆ, ಅಂದರೆ ಡಂಪರ್‌ಗಳು ಓಡಾಡುವ ದಾರಿಗೆ, ಕಾಲಿಡಬಾರದು. ಇನ್ನೊಂದು, ಸಿಡಿಮದ್ದಿನ ಹೊತ್ತು. ಒಳ್ಳೆಯ ಚಿತ್ರ ಸಿಗುವುದೂ ಆಗಲೇ ಎಂದು ಅಪಾಯ ವಲಯದ ಅಂಚಿಗೆ ಜಾರುತ್ತಾರೆ. ಒಪ್ಪಂದದಲ್ಲೇ ಬರೆದುಬಿಡಿ: ಸೈರನ್ ಆದ ಮೇಲೆ ಶಾಟ್‌ಫೈರರ್ (ಮದ್ದು ಸಿಡಿಸುವವರು) ಹೇಳಿದ ಜಾಗವೇ ಜಾಗ.

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲೂ ಬರುತ್ತದಾದ್ದರಿಂದ ಮುಂದೆ ಸಮೀಕ್ಷೆ ಗೋದಾವರಿಖನಿ, ಕೊತ್ತಗೂಡೆಂ ಕಡೆಗೂ ಹೋದೀತು. ಅಲ್ಲಿ ನೆಲದಡಿಯ ಗಣಿಗಳಿವೆ. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತರೆ ಸಿಡಿಯುತ್ತದೆ. ಫ್ಲಾಶ್‌ನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ; ಮಾಮೂಲಿ ಕ್ಯಾಮೆರಾ ಕೂಡ ಕಿಡಿ ನಿರೋಧಕವಲ್ಲ. ‘ಒಂದೇ ಒಂದು ಚಿತ್ರ’ ಎಂದು ಬ್ಯಾಗಿನಲ್ಲಿ ಅಡಗಿಸಿ ಒಯ್ಯುವುದು ಶೌರ್ಯವಲ್ಲ, ಪಾಳಿಯ ಅಷ್ಟೂ ಜನರ ಜೀವದ ಜೊತೆ ಆಟ. ಮ್ಯಾನೇಜರ್ ಬರೆದು ಕೊಟ್ಟ ಅನುಮತಿ, ಗ್ಯಾಸ್ ಅಳೆದ ಜಾಗ, ಫ್ಲಾಶ್ ಇಲ್ಲದ ಕ್ಯಾಮೆರಾ ಇಷ್ಟಾದರೆ ಮಾತ್ರ ಒಳಗೆ. ಆಗದಿದ್ದರೆ ನಷ್ಟವೇನೂ ಇಲ್ಲ. ಲ್ಯಾಂಪ್ ರೂಮಿನ ಕಿಟಕಿ, ಹಾಜರಿ ಹಾಕುವ ಸಾಲು, ಪಾಳಿ ಮುಗಿದು ಮೇಲೆ ಬಂದವರು ಮೊದಲ ಬಾರಿಗೆ ಬೆಳಕಿಗೆ ಕಣ್ಣು ಕಿರಿದು ಮಾಡುವ ಆ ಹತ್ತು ನಿಮಿಷ, ಇಷ್ಟು ಸಾಕು.

ಅಡಿಬರಹವೇ ಈ ಕೆಲಸದ ತೂಕ. ಪ್ರತಿ ಚಿತ್ರಕ್ಕೂ ಹೆಸರು (ಅವರು ಹೇಳಿದಂತೆ, ಮರಾಠಿಯಲ್ಲಿ), ವಯಸ್ಸು, ಕೆಲಸ, ಕಾಯಂ ನೌಕರರೋ ಗುತ್ತಿಗೆಯೋ, ಊರು, ಓಣಿ, ಸರ್ವೆಯ ಮನೆ ನಂಬರು, ದಿನಾಂಕ, ಚಿತ್ರದಲ್ಲಿರುವ ವಸ್ತುಗಳ ಸ್ಥಳೀಯ ಹೆಸರು, ಚಿತ್ರ ತೆಗೆದವರು, ಟಿಪ್ಪಣಿ ಬರೆದವರು. ಅದೇ ಸಂಜೆ ಬರೆಯಬೇಕು. ಮೂರು ದಿನ ಬಿಟ್ಟರೆ ಇಬ್ಬರು ಅಣ್ಣತಮ್ಮಂದಿರ ಹೆಸರು ಅದಲುಬದಲಾಗುತ್ತದೆ. ವಾರಕ್ಕೊಮ್ಮೆ ಪ್ರಿಂಟ್ ಹಿಡಿದು ಅದೇ ಮನೆಗೆ ಹೋಗಿ ಓದಿ ಹೇಳಿ ತಿದ್ದಿಸಿಕೊಳ್ಳಬೇಕು. ಒಂದು ಚಿತ್ರಕ್ಕೆ ಹತ್ತು ನಿಮಿಷ ಎಂದಿಟ್ಟರೆ ಆರಿಸಿದ 2,000 ಚಿತ್ರಕ್ಕೆ 333 ಗಂಟೆ, ದಿನಕ್ಕೆ ಎಂಟರಂತೆ 42 ದಿನ. ಬಜೆಟ್ ಕತ್ತರಿಸುವವರು ಮೊದಲು ಕೈಹಾಕುವುದು ಈ 42 ದಿನಕ್ಕೇ. ಕ್ಯಾಮೆರಾ ಒಂದು ಕಡಿಮೆ ಕೊಡಿ, ಇದನ್ನು ಮುಟ್ಟಬೇಡಿ.

ಅಡಿಬರಹದಲ್ಲಿ ಬರೆಯಬಾರದ್ದೂ ಇದೆ. ಬಿದ್ದ ಕಲ್ಲಿದ್ದಲು ಆರಿಸಿ ಸೈಕಲ್ಲಿನ ಮೇಲೆ ಹೇರಿ ಮಾರುವವರ ಮುಖ ತೋರಿಸುವ ಚಿತ್ರ ನಾಳೆ ಕಳ್ಳತನದ ಸಾಕ್ಷಿಯಾಗಬಹುದು. ಅದು ದಾಖಲೆಗೆ ಹೋಗಲಿ, 30 ವರ್ಷ ಬೀಗದಲ್ಲಿರಲಿ, ಕಡತದಲ್ಲಿನ ಜಿಪಿಎಸ್ ಗುರುತನ್ನು ಹೊರಗೆ ಕೊಡುವ ಪ್ರತಿಯಿಂದ ಅಳಿಸಿರಲಿ. ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಾರ್ಮಿಕ ಕಾನೂನು ಮೀರಿ ದುಡಿಯುತ್ತಿರುವ ಮಗು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’. 74ನೇ ಕಲಮಿನಂತೆ ಅಂಥ ಮಗುವಿನ ಚಿತ್ರ, ಹೆಸರು, ಗುರುತು ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಬುಟ್ಟಿ ಹೊತ್ತ ಮಕ್ಕಳಿಗೆ ಬಹುಮಾನ ಕೊಡುವ ತೀರ್ಪುಗಾರರಲ್ಲಿ ಎಷ್ಟು ಜನ ಈ ಕಲಮು ಓದಿದ್ದಾರೋ.

ಕೃತಿಸ್ವಾಮ್ಯದ ಒಂದು ಸಾಲು ಮರೆತರೆ ಎಲ್ಲ ಕೆಡುತ್ತದೆ. 1957ರ ಕಾಯ್ದೆಯ 17ನೇ ಕಲಮಿನ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಹಾಗಾದರೆ ಮುಂದೊಂದು ದಿನ ನಿಗಮಕ್ಕೆ ಇರಿಸುಮುರಿಸಾಗುವ ಚಿತ್ರವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಬಹುದು. ಹೀಗೆ ಬರೆಯಿರಿ: ಒಡೆತನ ಛಾಯಾಗ್ರಾಹಕರದು; ನಿಗಮಕ್ಕೆ ಬಳಸುವ ಹಕ್ಕು; ಊರಿನವರಿಗೆ ತಮ್ಮ ಚಿತ್ರ ಯಾವತ್ತೂ ಉಚಿತ; ಆಯ್ಕೆಯಲ್ಲಿ ನಿಗಮದ ಕೈ ಇಲ್ಲ. ಈ ಕೊನೆಯ ಮಾತಿಗೆ ಒಪ್ಪದಿದ್ದರೆ ಕೆಲಸ ಶುರು ಮಾಡದಿರುವುದೇ ವಾಸಿ.

ಸಂಗ್ರಹದ ಲೆಕ್ಕ: ವರ್ಷಕ್ಕೆ 120 ದಿನ, ದಿನಕ್ಕೆ 200 ಚಿತ್ರ, ಒಂದೊಂದು 50 ಎಂಬಿ ಎಂದರೆ 1.2 ಟಿಬಿ. ಮೂರು ವರ್ಷಕ್ಕೆ 3.6. ಮೂರು ಪ್ರತಿ ಬೇಕು: ಒಂದು ಬರಾಂಜ್‌ನಲ್ಲಿ, ಒಂದು ಬೆಂಗಳೂರಿನಲ್ಲಿ, ಒಂದು ಚಂದ್ರಪುರದ ಯಾವುದಾದರೂ ಸಾರ್ವಜನಿಕ ಗ್ರಂಥಾಲಯದಲ್ಲಿ. ಹಾರ್ಡ್ ಡಿಸ್ಕನ್ನು ಐದು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಅದು ಸದ್ದಿಲ್ಲದೆ ಸಾಯುತ್ತದೆ. ಹಾಗಾಗಿ 500 ಚಿತ್ರಗಳನ್ನಾದರೂ ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲವಿಲ್ಲದ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಅಡಿಬರಹ ಬರೆದಿಡಬೇಕು. ಬಾಲ್‌ಪೆನ್ ಬೇಡ, ಎದುರಿಗೆ ಅಚ್ಚು ಏಳುತ್ತದೆ.

ಪ್ರತಿ ಮನೆಗೂ ಒಂದು 8×12 ಇಂಚಿನ ಚಿತ್ರ ಹೋಗಲಿ. ಇಂಥ ಊರುಗಳಲ್ಲಿ ಹಿರಿಯರು ತೀರಿಕೊಂಡಾಗ ಆಧಾರ್ ಕಾರ್ಡಿನ ಮಸುಕು ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕುವುದು ವಾಡಿಕೆ. ಆದ್ದರಿಂದ ಎಂಥ ಕಲಾತ್ಮಕ ಚಿತ್ರ ತೆಗೆದರೂ, ಅದರ ಜೊತೆಗೆ ನೇರ ನಿಲುವಿನ, ಸಾದಾ ಹಿನ್ನೆಲೆಯ, ಎರಡೂ ಕಣ್ಣು ಕಾಣುವ ಒಂದು ಚಿತ್ರ ಪ್ರತಿಯೊಬ್ಬ ಹಿರಿಯರದೂ ಆಗಬೇಕು. ಅವರು ಕೇಳುವುದೂ ಅದನ್ನೇ.

ಜೂನ್ ಎರಡನೇ ವಾರಕ್ಕೆ ಮಳೆ ಹಿಡಿಯುತ್ತದೆ. ಮಣ್ಣಿನ ಗೋಡೆಗಳ ಮೇಲಿನ ಚಿತ್ತಾರ ಆಮೇಲೆ ಉಳಿಯುವುದಿಲ್ಲ. ಹೊಸ ಆದೇಶಕ್ಕೆ ತಿಂಗಳುಗಟ್ಟಲೆ ಬೇಕೆಂದರೆ, ಈಗಿರುವ ಭೂಸ್ವಾಧೀನ ಸರ್ವೆಯ ಮನೆ ಪಟ್ಟಿಯನ್ನೇ ಮೊದಲು ಕೊಡಿ, ಜೊತೆಗೆ ಗಣಿ ವ್ಯವಸ್ಥಾಪಕರ ಒಂದು ಪ್ರವೇಶ ಪತ್ರ. ಪಟ್ಟಿಯ ಒಂದನೇ ನಂಬರಿನ ಮನೆಯಿಂದ ಕೆಲಸ ಶುರುವಾಗಲಿ.

ಇಂತಿ,
ಗಣಿ ಊರುಗಳ ಚಿತ್ರ ದಾಖಲೆಯಲ್ಲಿ ತೊಡಗಿರುವ ಕೆಲವು ಕನ್ನಡಿಗ ಛಾಯಾಗ್ರಾಹಕರು ಮತ್ತು ದಾಖಲೆಪಾಲಕರು